ಆರೋಪಿ ಪರ ವಕೀಲರು ಕಡತದಲ್ಲಿ ಏನು ಹುಡುಕುತ್ತಾರೆ?

ದೋಷಾರೋಪಣ ಪಟ್ಟಿಯ ಪ್ರಕಾರ ಕೊಲೆಯಾಗಿದ್ದ ಹೆಂಗಸೊಬ್ಬರನ್ನು 2025ರ ಏಪ್ರಿಲ್‌ನಲ್ಲಿ ಮೈಸೂರಿನ ಸೆಷನ್ಸ್ ನ್ಯಾಯಾಲಯದ ಮುಂದೆ ಜೀವಂತವಾಗಿ ಹಾಜರುಪಡಿಸಲಾಯಿತು. ಅಷ್ಟೊತ್ತಿಗೆ ಆಕೆಯನ್ನು ಕೊಂದ ಆರೋಪದ ಮೇಲೆ ಗಂಡ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಾಗಿತ್ತು. ಎಲ್ಲೋ ಸಿಕ್ಕ ಅಸ್ಥಿಪಂಜರವನ್ನು ಆಕೆಯದೇ ಎಂದು ನಂಬಿ ಪ್ರಕರಣ ಕಟ್ಟಲಾಗಿತ್ತು. ಕಾಗದದ ಮೇಲೆ ಕೊಲೆ ಇತ್ತು, ಕೊಲೆಯಾದವರು ಬದುಕಿದ್ದರು.

ಒಂದು ಫೌಜ್ದಾರಿ ಪ್ರಕರಣ ಎಷ್ಟು ಕೈ ದಾಟಿ ತೀರ್ಪಿಗೆ ಬರುತ್ತದೆ ನೋಡಿ. ಫಿರ್ಯಾದಿ ಹೇಳಿದ್ದನ್ನು ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ. ತನಿಖಾಧಿಕಾರಿ ಅದರ ಬೆನ್ನು ಹತ್ತಿ ಸಾಕ್ಷ್ಯ ಕೂಡಿಸುತ್ತಾರೆ. ಸರ್ಕಾರಿ ಅಭಿಯೋಜಕರು ಅದನ್ನು ಕೋರ್ಟಿನ ಮುಂದಿಡುತ್ತಾರೆ. ನ್ಯಾಯಾಧೀಶರು ಮುಂದೆ ಬಂದದ್ದನ್ನು ತೂಗುತ್ತಾರೆ. ತಪ್ಪು ನಡೆಯಲು ಇವರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ಮೊದಲ ದಿನ ಹೊಳೆದ ಊಹೆಯೇ ಆಮೇಲಿನ ಪ್ರತಿ ಕಾಗದಕ್ಕೂ ದಾರಿ ತೋರಿಸುತ್ತಾ ಹೋಗುತ್ತದೆ, ಅಷ್ಟೇ ಸಾಕು. ಆ ಊಹೆಯೇ ತಪ್ಪಿದ್ದರೆ ಎಂದು ಕೇಳುವುದನ್ನೇ ಕೆಲಸವಾಗಿ ಹೊತ್ತವರು ಇಡೀ ಸಾಲಿನಲ್ಲಿ ಒಬ್ಬರೇ, ಆರೋಪಿ ಪರ ವಕೀಲರು.

"ತಪ್ಪು ಮಾಡಿದವನ ಪರ ಹೆಂಗ ನಿಂದರ್ತೀರ್ರಿ?" ಎಂದು ಕಲಬುರಗಿ ಕೋರ್ಟ್ ಆವರಣದಲ್ಲಿ ಕೇಳುವವರಿಗೇನೂ ಕಡಿಮೆ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದಕ್ಕೆ ಉತ್ತರ ಕೊಟ್ಟಿದೆ: ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ಸ್ವಂತ ಅಭಿಪ್ರಾಯ ಬದಿಗಿಟ್ಟು ವಕೀಲ ವಾದಿಸಬೇಕು. ಏಕೆಂದರೆ ಸಾಕಷ್ಟು ಪುರಾವೆ ಇಲ್ಲದೆ ಯಾರಿಗೂ ಶಿಕ್ಷೆಯಾಗಬಾರದು ಎನ್ನುವ ಕಾನೂನಿಗೆ ಅವರ ನಿಷ್ಠೆ. ಹಾಗೆಂದು ಸುಳ್ಳು ಸಾಕ್ಷಿ ತಯಾರು ಮಾಡುವ, ಪುರಾವೆ ಮುಚ್ಚಿಹಾಕುವ ಅಧಿಕಾರ ಅವರಿಗಿಲ್ಲ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತು ಗೋಪ್ಯವಾಗಿ ಉಳಿಯಬೇಕು, ಆದರೆ ಮುಂದೆ ಮಾಡಬೇಕೆಂದಿರುವ ಅಪರಾಧಕ್ಕೆ ಆ ರಕ್ಷಣೆ ಸಿಗುವುದಿಲ್ಲ. ಕೆಲವು ಊರುಗಳ ವಕೀಲರ ಸಂಘಗಳು "ಈ ಆರೋಪಿಗೆ ಯಾರೂ ವಕಾಲತ್ತು ಹಾಕಬಾರದು" ಎಂದು ಠರಾವು ಮಾಡುವುದುಂಟು. ಅಂಥ ಠರಾವುಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಮೊದಲ 24 ಗಂಟೆ

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೋರ್ಟ್ ಕಾರಿಡಾರಿನಲ್ಲಿ ಇಂದಿಗೂ ಎಲ್ಲರ ಬಾಯಲ್ಲಿ 161, 313 ಎಂಬ ಹಳೆಯ ನಂಬರುಗಳೇ ಓಡಾಡುತ್ತವೆ, ಅದು ಬೇರೆ ಮಾತು. ಇಲ್ಲಿ ಹೊಸ ನಂಬರುಗಳನ್ನೇ ಕೊಟ್ಟಿದ್ದೇವೆ, ಯಾವ ಕಾಯ್ದೆಯದು ಎಂದು ಹೇಳದ ಕಡೆ ಅದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ.

ಬಂಧಿಸುವಾಗ ಕಲಂ 36ರ ಪ್ರಕಾರ ಬಂಧನದ ಮೆಮೊ ಬರೆಯಬೇಕು. ಮನೆಯವರು ಅಥವಾ ಊರಿನ ಗಣ್ಯರೊಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು, ಬಂಧಿತನ ಸಹಿಯೂ ಇರಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ತಪಾಸಣೆ ಮಾಡಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪೊಲೀಸರ ವಿಚಾರಣೆ ನಡೆಯುವಾಗ ವಕೀಲರನ್ನು ಕಾಣುವ ಹಕ್ಕು ಕಲಂ 38ರಲ್ಲಿದೆ. ವಿಚಾರಣೆ ಮುಗಿಯುವ ತನಕ ಪಕ್ಕದಲ್ಲೇ ಕೂರಿಸಿಕೊಳ್ಳುವ ಹಕ್ಕಲ್ಲ, ನಡುವೆ ಭೇಟಿಯಾಗುವ ಹಕ್ಕು. ಬಂಧನದ ಕಾರಣಗಳನ್ನು ಬಂಧಿತನಿಗೆ ಗೊತ್ತಿರುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು, ತಡವಾದರೂ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಒಂದೇ ಊರಿನಲ್ಲಿ ಕನ್ನಡ, ದಖನಿ ಉರ್ದು, ಲಂಬಾಣಿ, ಮರಾಠಿ, ತೆಲುಗು ಕೇಳಿಸುವ ನಮ್ಮ ಜಿಲ್ಲೆಗಳಲ್ಲಿ ಈ ಮಾತಿಗೆ ಬಹಳ ತೂಕವಿದೆ.

ಈ ಹಂತದ ದೊಡ್ಡ ತಪ್ಪು ಹೊತ್ತಿನ ತಪ್ಪು. ಭಾನುವಾರ ಸಂಜೆ ಮನೆಯಿಂದ ಕರೆದೊಯ್ದವನನ್ನು ಮಂಗಳವಾರ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಬಂಧಿಸಿದೆವು ಎಂದು ಬರೆದರೆ, ನಡುವಿನ ಅವಧಿಯಲ್ಲಿ ಹುಟ್ಟಿದ ಹೇಳಿಕೆ, ವಶಪಡಿಕೆ ಎಲ್ಲದರ ಮೇಲೂ ಅನುಮಾನ ಬೀಳುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಅದರ ದೃಶ್ಯಗಳನ್ನು ಕನಿಷ್ಠ ಒಂದು ವರ್ಷ ಕಾದಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಆದ್ದರಿಂದ ಅನುಭವಿ ವಕೀಲರು ಮೊದಲ ರಿಮ್ಯಾಂಡ್ (ಬಂಧಿತನನ್ನು ಕಸ್ಟಡಿಗೆ ಒಪ್ಪಿಸುವ) ದಿನವೇ ಎರಡು ಅರ್ಜಿ ಹಾಕುತ್ತಾರೆ: ಇಂಥ ದಿನದಿಂದ ಇಂಥ ದಿನದವರೆಗಿನ ಠಾಣೆಯ ದೃಶ್ಯ ಕಾದಿರಿಸಿ, ಇಂಥ ಮೊಬೈಲ್ ನಂಬರಿನ ಕರೆ ವಿವರ ಕಾದಿರಿಸಿ. ರಸ್ತೆ ಬದಿಯ ಅಂಗಡಿಯ ಕ್ಯಾಮೆರಾ ಇದ್ದರೆ ಇನ್ನೂ ಅವಸರ ಬೇಕು. ಅದರ ದೃಶ್ಯ ದಾಖಲಿಸುವ ಪೆಟ್ಟಿಗೆ (ಡಿವಿಆರ್) ಕೆಲವೇ ವಾರಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತದೆ. ಎರಡು ವರ್ಷದ ಮೇಲೆ, ಸಾಕ್ಷಿ ವಿಚಾರಣೆಯ ಹೊತ್ತಿಗೆ ಕೇಳಿದರೆ ಸಿಗುವುದು "ಲಭ್ಯವಿಲ್ಲ" ಎಂಬ ಹಿಂಬರಹ ಮಾತ್ರ.

ಗಡಿಯಾರ, ಗಾಯ, ಮೊಹರು

ಆರೋಪಿ ಹಾಜರಾದ 14 ದಿನದೊಳಗೆ ದೋಷಾರೋಪಣ ಪಟ್ಟಿ, ಹೇಳಿಕೆಗಳು ಮತ್ತು ದಾಖಲೆಗಳ ಪ್ರತಿಯನ್ನು ಉಚಿತವಾಗಿ ಕೊಡಬೇಕು (ಕಲಂ 230). ಪೊಲೀಸರು ವಶಪಡಿಸಿಕೊಂಡೂ ಪಟ್ಟಿಯಲ್ಲಿ ಅವಲಂಬಿಸದ ದಾಖಲೆಗಳ ವಿವರ ಕೂಡ ಆರೋಪಿಗೆ ಸಿಗಬೇಕೆಂದು ಸುಪ್ರೀಂ ಕೋರ್ಟ್ 2021ರ ಮಾರ್ಗಸೂಚಿಯಲ್ಲಿ ಸೇರಿಸಿದೆ. ಆರೋಪಿಗೆ ಅನುಕೂಲವಾದದ್ದು ಹೆಚ್ಚಾಗಿ ಇರುವುದೇ ಆ ಬಿಟ್ಟ ಕಾಗದಗಳಲ್ಲಿ. ಆದರೂ ಈ ಪಟ್ಟಿಯನ್ನು ಕೇಳಿ ಪಡೆಯುವ ವಕೀಲರು ನಮ್ಮಲ್ಲಿ ಕಡಿಮೆ.

ಕಡತ ಕೈಗೆ ಬಂದ ಮೇಲೆ ಮೊದಲ ಕೆಲಸ ಒಂದು ಹಾಳೆಯ ಮೇಲೆ ಸಮಯಗಳನ್ನು ಸಾಲಾಗಿ ಬರೆದುಕೊಳ್ಳುವುದು. ಘಟನೆ ಎಷ್ಟೊತ್ತಿಗೆ, ಗಾಯಾಳು ಆಸ್ಪತ್ರೆಗೆ ಬಂದದ್ದು ಎಷ್ಟೊತ್ತಿಗೆ, ಫಿರ್ಯಾದು ಎಷ್ಟೊತ್ತಿಗೆ, ಎಫ್‌ಐಆರ್ ದಾಖಲಾದದ್ದು ಯಾವಾಗ, ಅದು ಮ್ಯಾಜಿಸ್ಟ್ರೇಟ್ ಕೈ ಸೇರಿದ್ದು ಯಾವಾಗ. ಕೊನೆಯದನ್ನು ಮ್ಯಾಜಿಸ್ಟ್ರೇಟರು ತಮ್ಮ ಕೈಯಾರೆ ಸಮಯ ಸಮೇತ ಬರೆದಿರುತ್ತಾರೆ, ಹಾಗಾಗಿ ಈ ಸಾಲಿನಲ್ಲಿ ಅದೇ ಹೆಚ್ಚು ನಂಬಿಕೆಗೆ ಅರ್ಹ.

ಮಾದರಿಗೆ ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಆಳಂದ ತಾಲೂಕಿನ ಹಳ್ಳಿಯಲ್ಲಿ ಬದುವಿನ ಜಗಳ. ಸಂಜೆ 7.30ಕ್ಕೆ ತೊಗರಿ ಹೊಲದಲ್ಲಿ ಹೊಡೆದಾಟ. ರಾತ್ರಿ 10.15ಕ್ಕೆ ಗಾಯಾಳುವನ್ನು ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ತರುತ್ತಾರೆ. ಅಲ್ಲಿ ವೈದ್ಯರು ಎಂಎಲ್‌ಸಿ ವಹಿಯಲ್ಲಿ, ಅಂದರೆ ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಬರೆದಿಡುವ ಪುಸ್ತಕದಲ್ಲಿ, ಯಾರು ಕರೆತಂದರು, ಗಾಯ ಹೇಗಾಯಿತು ಎಂಬುದನ್ನು ಬರೆಯುತ್ತಾರೆ. ಅಲ್ಲಿ "ಯಾರೋ ಇಬ್ಬರು ಬಡಿಗೆಯಿಂದ ಹೊಡೆದರು" ಎಂದಿದೆ. ಮರುದಿನ ಬೆಳಿಗ್ಗೆ 9ಕ್ಕೆ ದಾಖಲಾದ ಎಫ್‌ಐಆರ್‌ನಲ್ಲಿ ಐದು ಹೆಸರುಗಳಿವೆ. ಒಬ್ಬನ ಕೈಯಲ್ಲಿ ಕೊಡ್ಲಿ, ಇನ್ನೊಬ್ಬನ ಕೈಯಲ್ಲಿ ಕುಡಗೋಲು ಎಂದು ಆಯುಧವೂ ಹಂಚಿಕೆಯಾಗಿದೆ. ಎರಡರಿಂದ ಐದಕ್ಕೆ ಏರಿದ್ದು ಹೇಗೆ?

ಉತ್ತರ ಎರಡೂ ಕಡೆಗೆ ಹೋಗಬಹುದು. ಗಾಯಾಳುವಿಗೆ ಪ್ರಜ್ಞೆ ಸರಿಯಾಗಿ ಇರಲಿಲ್ಲ, ಕರೆತಂದ ಅಳಿಯ ಜಗಳ ನೋಡಿಯೇ ಇರಲಿಲ್ಲ, ಅವನು ತೋಚಿದ್ದು ಹೇಳಿದ ಎಂದಾಗಿರಬಹುದು. ಅಥವಾ ರಾತ್ರಿಯಿಡೀ ಊರ ಹಿರಿಯರು ಕೂತು ಹಳೆಯ ದ್ವೇಷದ ಮನೆಯವರನ್ನೆಲ್ಲ ಸೇರಿಸಿರಬಹುದು. ಯಾವುದು ನಿಜ ಎಂದು ಗೊತ್ತಾಗಬೇಕಾದರೆ ವೈದ್ಯರು ಸಾಕ್ಷಿಕಟ್ಟೆಯಲ್ಲಿ ಇದ್ದಾಗ "ಈ ಮಾತು ನಿಮಗೆ ಹೇಳಿದವರು ಗಾಯಾಳುವೋ, ಕರೆತಂದವರೋ? ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದರೋ?" ಎಂದು ಯಾರಾದರೂ ಕೇಳಬೇಕು. ಬಹಳ ಪ್ರಕರಣಗಳಲ್ಲಿ ಕೇಳುವುದಿಲ್ಲ. ವಹಿಯನ್ನೇ ತರಿಸುವುದಿಲ್ಲ, ಗಾಯದ ಪ್ರಮಾಣ ಪತ್ರವೊಂದನ್ನು ನೋಡಿ ಮುಗಿಸುತ್ತಾರೆ. ಈ ಪ್ರಶ್ನೆಯಿಂದ ನಿಜವಾದ ಇಬ್ಬರು ಹಲ್ಲೆಕೋರರೂ ಪಾರಾಗುವುದಿಲ್ಲ, ಐವರ ನಡುವೆ ಅವರು ಕರಗಿಹೋಗುವುದು ತಪ್ಪುತ್ತದೆ.

ಗಾಯವೂ ಮಾತಾಡುತ್ತದೆ, ಆದರೆ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ನೆತ್ತಿಯ ಚರ್ಮದ ಕೆಳಗೇ ಮೂಳೆ ಇರುವುದರಿಂದ ಬಡಿಗೆಯ ಏಟಿಗೂ ಚರ್ಮ ಸೀಳಿ, ಹರಿತವಾದ ಆಯುಧದಿಂದ ಕಡಿದಂತೆ ಕಾಣುತ್ತದೆ. ಅಂಚುಗಳನ್ನು ಭೂತಗಾಜಿನಲ್ಲಿ ನೋಡಿದರೆ ಜಜ್ಜಿದ ಗುರುತು, ಗಾಯದ ಆಳದಲ್ಲಿ ಕಡಿಯದೆ ಉಳಿದ ಎಳೆಗಳು ಕಾಣುತ್ತವೆ. ಕೊಡ್ಲಿಯೋ ಬಡಿಗೆಯೋ ಎಂಬುದರ ಮೇಲೆ ಕೊಲೆ ಯತ್ನದ ಉದ್ದೇಶ ಇತ್ತೇ ಎಂಬುದು ನಿಂತಿರುತ್ತದೆ. ವಶಪಡಿಸಿದ ಆಯುಧವನ್ನು ವೈದ್ಯರಿಗೆ ತೋರಿಸಿ, "ಈ ಗಾಯ ಇದರಿಂದ ಆಗಬಹುದೇ" ಎಂದು ಅಭಿಪ್ರಾಯ ಪಡೆದಿದ್ದಾರೋ ಇಲ್ಲವೋ ಎಂಬುದನ್ನೂ ನೋಡಬೇಕು. ಎಷ್ಟೋ ಸಲ ಆಯುಧ ಠಾಣೆಯ ಮಾಲುಕೋಣೆ ಬಿಟ್ಟು ಕದಲಿರುವುದಿಲ್ಲ.

ವಶಪಡಿಕೆ ಪಂಚನಾಮೆಯ ಪಂಚರು, ಅಂದರೆ ವಸ್ತು ವಶಪಡಿಸುವಾಗ ಸಾಕ್ಷಿಯಾಗಿ ನಿಂತವರು, ಯಾರು? ಅವರ ಹೆಸರು ಅದೇ ಠಾಣೆಯ ಬೇರೆ ಪ್ರಕರಣಗಳಲ್ಲೂ ಬಂದಿದೆಯೇ? ಈಗ ಕಲಂ 105ರಂತೆ ಶೋಧ ಮತ್ತು ವಶಪಡಿಕೆಯ ಆಡಿಯೊ-ವಿಡಿಯೊ ಚಿತ್ರೀಕರಣ ಮಾಡಲೇಬೇಕು. ಹಾಗಾಗಿ ವಿಡಿಯೊ ಕೇಳಿ ಪಡೆದು ಪಂಚನಾಮೆಯ ಜೊತೆ ಸಾಲುಸಾಲಾಗಿ ಹೋಲಿಸುವುದು ಹೊಸ ಕೆಲಸ. ಆಮೇಲೆ ಮೊಹರು. ರಕ್ತ ಹತ್ತಿದ ಅಂಗಿಯನ್ನು ಪಂಚರ ಮುಂದೆ ಕಟ್ಟಿ ಮೊಹರು ಮಾಡಿದರೋ, ಯಾವ ದಿನ ಠಾಣೆಯ ಮಾಲು ವಹಿ ಸೇರಿತು, ಯಾವ ದಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು, ಯಾವ ಸಿಬ್ಬಂದಿ ಒಯ್ದರು, ಅಲ್ಲಿ ಪಡೆದುಕೊಂಡಾಗ ಮೊಹರು ಸರಿಯಾಗಿತ್ತೆಂದು ಬರೆದಿದೆಯೇ. ಒಂದು ಕೊಂಡಿ ಕಾಣದಿದ್ದರೆ ವರದಿಯಲ್ಲಿರುವ "ಮಾನವ ರಕ್ತ" ಎಂಬ ಮಾತು ಯಾವ ಅಂಗಿಯದು ಎಂದು ಹೇಳುವವರಿಲ್ಲ.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಸಾಕ್ಷ್ಯವಾಗಿ ಬೆಲೆ ಇಲ್ಲ (ಸಾಕ್ಷ್ಯ ಅಧಿನಿಯಮದ ಕಲಂ 23). ಅದರಿಂದ ಹೊಸದಾಗಿ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಕಾರಣವಾದ ಮಾತಿನ ತುಂಡು ಮಾತ್ರ ದಾಖಲೆಗೆ ಬರಬಹುದು. 1947ರ ಪುಲುಕುರಿ ಕೊಟ್ಟಯ್ಯ ಪ್ರಕರಣದಿಂದ ಇದೇ ಕಾನೂನು. "ಕೊಡ್ಲಿಯನ್ನು ಬಾವಿ ಪಕ್ಕದ ಕಣಕಿ ಬಣವೆಯಲ್ಲಿ ಮುಚ್ಚಿಟ್ಟಿದ್ದೇನೆ, ತೋರಿಸುತ್ತೇನೆ" ಎಂಬಷ್ಟು ಬರಬಹುದು, "ಇದರಿಂದಲೇ ಕಡಿದೆ" ಎಂಬುದು ಬರಬಾರದು. ಆದರೆ ವಕೀಲರು ಆ ಕ್ಷಣದಲ್ಲಿ ಎದ್ದು ಆಕ್ಷೇಪಿಸದೆ ಹೋದರೆ ಇಡೀ ಹೇಳಿಕೆಯೇ ದಾಖಲೆಯ ನಿಶಾನೆ ಸಂಖ್ಯೆ ಹೊತ್ತು ಕಡತದೊಳಗೆ ಕೂತುಬಿಡುತ್ತದೆ. ಓದುವವರ ಮನಸ್ಸಿನಿಂದ ಅದನ್ನು ಅಳಿಸುವುದು ಆಮೇಲೆ ಕಷ್ಟ.

ಹೇಳಿದ್ದೊಂದು, ಬರೆದದ್ದೊಂದು

ಸಾಕ್ಷಿಗಳು ಪೊಲೀಸರ ಮುಂದೆ ಕೊಡುವ ಹೇಳಿಕೆಗೆ (ಕಲಂ 180, ಹಳೆಯ 161) ಸಾಕ್ಷಿಯ ಸಹಿ ಇರುವುದಿಲ್ಲ, ಇರಲೂಬಾರದು. ತಾಂಡಾದ ಹೆಣ್ಣುಮಗಳು ಲಂಬಾಣಿಯಲ್ಲಿ ಹೇಳಿದ್ದನ್ನು ಒಬ್ಬರು ಕೇಳಿ, ಇನ್ನೊಬ್ಬರು ಕಚೇರಿ ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ನಡುವೆ ನಿಂತು ಅರ್ಥ ಹೇಳಿದವರ ಹೆಸರು ಕಡತದಲ್ಲಿ ಎಲ್ಲೂ ಇರುವುದಿಲ್ಲ. ಐದು ಸಾಕ್ಷಿಗಳ ಹೇಳಿಕೆ ಅಲ್ಪವಿರಾಮದ ತನಕ ಒಂದೇ ತೆರನಾಗಿದ್ದರೆ, ಐವರೂ ಒಂದೇ ನೋಡಿದರು ಎಂದಲ್ಲ, ಒಂದನ್ನು ಬರೆದು ಹೆಸರು ಬದಲಿಸಿದ್ದಾರೆ ಎಂದು ಅನುಮಾನಿಸಲು ಅವಕಾಶವಿದೆ. ನೋಡಿದವರು ಹತ್ತು ಮಂದಿ ಇದ್ದರೆ ಹತ್ತು ಬಗೆಯಾಗಿ ಹೇಳುವುದೇ ಸಹಜ.

ಆದ್ದರಿಂದ ಸಾಕ್ಷಿ ತನ್ನ ಭಾಷೆಯಲ್ಲಿ ಮಾತಾಡಲಿ, ಪ್ರಮಾಣ ಮಾಡಿದ ದುಭಾಷಿ ಇರಲಿ ಎಂದು ಕೋರ್ಟಿನಲ್ಲಿ ಕೇಳುವುದು ಆರೋಪಿ ಪರ ವಕೀಲರ ಕೆಲಸ. ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಆರೋಪಿಗೆ ಅರ್ಥವಾಗುವಂತೆ ಹೇಳಿಸಬೇಕೆಂದೂ ಕಾನೂನಿದೆ. ದಿನಕ್ಕೆ ಹತ್ತಾರು ಪ್ರಕರಣ ಇರುವ ಕೋರ್ಟಿನಲ್ಲಿ ಇದನ್ನು ಒತ್ತಿ ಕೇಳಿದರೆ ತಡವಾಗುತ್ತದೆ, ಮುಖ ಗಂಟಿಕ್ಕುತ್ತಾರೆ. ಕೇಳಲೇಬೇಕು.

ಜೂನ್ 1ರ ಸಮಸ್ಯೆ ಇನ್ನೊಂದು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುವ ರೂಢಿ ನಮ್ಮ ಕಡೆ ಬಹಳ ಕಾಲ ಇತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧದ (ಪೋಕ್ಸೊ) ಪ್ರಕರಣದಲ್ಲಿ 18 ವರ್ಷಕ್ಕೆ ಒಂದು ದಿನ ಕಡಿಮೆಯೋ ಹೆಚ್ಚೋ ಎಂಬುದೇ ಎಲ್ಲ. ಬಾಲನ್ಯಾಯ ಕಾಯ್ದೆಯ ಕಲಂ 94ರ ಅನುಕ್ರಮ ಹೀಗಿದೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣ ಪತ್ರ ಅಥವಾ ಮೆಟ್ರಿಕ್ ಪ್ರಮಾಣ ಪತ್ರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗುವುದು ಸಾಮಾನ್ಯ. ಬರೀ ವರ್ಗಾವಣೆ ಪತ್ರ ಸಾಲದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇಲ್ಲಿ ನೋಡಬೇಕಾದದ್ದು ಮುಖ್ಯೋಪಾಧ್ಯಾಯರ ಪತ್ರವನ್ನಲ್ಲ, ಶಾಲೆಯ ದಾಖಲಾತಿ ವಹಿಯನ್ನು: ದಿನಾಂಕ ಹೇಳಿದವರು ಯಾರು, ಅದಕ್ಕೆ ಆಧಾರ ಏನು, ಅಣ್ಣ ತಂಗಿಯರ ಹುಟ್ಟಿದ ದಿನಗಳ ನಡುವೆ ನಾಲ್ಕೇ ತಿಂಗಳ ಅಂತರ ಇದೆಯೇ. ಹುಡುಗಿ ನಿಜಕ್ಕೂ ಅಪ್ರಾಪ್ತೆಯಾಗಿದ್ದರೆ ಈ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತ ವಯಸ್ಸನ್ನು ಮೇಲ್ಮನವಿಯಲ್ಲೂ ಅಲುಗಾಡಿಸಲಾಗದು.

ಗಾಂಜಾ ಪ್ರಕರಣದಲ್ಲಿ ಎಲ್ಲವೂ ತಕ್ಕಡಿಯ ಮೇಲೆ. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಂತೆ 1 ಕೆಜಿ ತನಕ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಸಜೆ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, ಜಾಮೀನು ಕೂಡ ದುರ್ಲಭ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬೀಜ, ಎಲೆ ಅದರಲ್ಲಿ ಸೇರುವುದಿಲ್ಲ. ತೊಗರಿ ಸಾಲಿನ ನಡುವಿನಿಂದ ಬೇರು, ಕಾಂಡ, ಮಣ್ಣು ಸಮೇತ ಕಿತ್ತ ಹಸಿ ಗಿಡಗಳನ್ನು ಒಟ್ಟಿಗೆ ತೂಗಿ 24 ಕೆಜಿ ಎಂದು ಬರೆದರೆ ಆ ಅಂಕಿ ಏನನ್ನು ಅಳೆಯಿತು? ಬೆಳೆದದ್ದೇ ಪ್ರತ್ಯೇಕ ಅಪರಾಧ, ಅದು ಬೇರೆ. ಸಾಗಣೆ ಅಥವಾ ಇಟ್ಟುಕೊಂಡ ಆರೋಪಕ್ಕೆ ತೂಕವೇ ಶಿಕ್ಷೆಯನ್ನು ತೀರ್ಮಾನಿಸುತ್ತದೆ. ಇದೇ ಕಾಯ್ದೆಯ ಕಲಂ 52ಎ ಪ್ರಕಾರ ಮ್ಯಾಜಿಸ್ಟ್ರೇಟ್ ಎದುರು ಮಾದರಿ ತೆಗೆಯಬೇಕು. ದಾಳಿ ನಡೆದ ಜಾಗದಲ್ಲೇ ತೆಗೆದ ಮಾದರಿಯನ್ನು ನಂಬಿ ಕೊಟ್ಟ ಶಿಕ್ಷೆಗಳು ಮೇಲಿನ ಕೋರ್ಟುಗಳಲ್ಲಿ ಬಿದ್ದಿವೆ.

ಮೊಬೈಲ್ ಟವರ್ ದಾಖಲೆಯ ಬಗ್ಗೆ ಒಂದೇ ಮಾತು: ಅದು ಫೋನ್ ಯಾವ ಟವರಿನ ಯಾವ ದಿಕ್ಕಿಗೆ ಸಿಕ್ಕಿಕೊಂಡಿತ್ತು ಎಂದಷ್ಟೇ ಹೇಳುತ್ತದೆ. ಹಳ್ಳಿಗಾಡಿನಲ್ಲಿ ಒಂದು ಟವರ್ ಹಲವು ಕಿಲೋಮೀಟರ್ ಆವರಿಸುತ್ತದೆ. ಬಸವಕಲ್ಯಾಣ, ಔರಾದ್, ಚಿಂಚೋಳಿಯ ಗಡಿ ಊರುಗಳಲ್ಲಿ ಮನೆಯಲ್ಲಿ ಕೂತವರ ಫೋನು ಪಕ್ಕದ ರಾಜ್ಯದ ಟವರ್ ಹಿಡಿಯಬಹುದು. ಇಂಥ ದಾಖಲೆಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣ ಪತ್ರ ಕಡ್ಡಾಯ, ಹೊಸ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಬರೆಯಬೇಕು.

ಪಾಟೀ ಸವಾಲು

ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದೇ ಪಾಟೀ ಸವಾಲು. ನೋಡುವವರಿಗೆ ಅದು ಸಾಕ್ಷಿಯನ್ನು ಗದರಿಸುವುದು. ಕೆಲಸ ಬಲ್ಲವರಿಗೆ ಅದು ಗುಮಾಸ್ತನಷ್ಟು ಒಣ ಕೆಲಸ, ಪ್ರತಿ ಹೆಜ್ಜೆಗೂ ವಿಧಾನ ಇದೆ.

ಸಾಕ್ಷಿ ಕೋರ್ಟಿನಲ್ಲಿ "ಒಂದನೇ ಆರೋಪಿ ಕೊಡ್ಲಿಲೆ ಹೊಡದದ್ದು ನಾ ಖುದ್ದ ನೋಡೀನ್ರಿ" ಎನ್ನುತ್ತಾನೆ. ಪೊಲೀಸ್ ಹೇಳಿಕೆಯಲ್ಲಿ ಅವನು ಗದ್ದಲ ಕೇಳಿ ಆಮೇಲೆ ಬಂದೆ ಎಂದಿದ್ದಾನೆ. ಈ ವ್ಯತ್ಯಾಸ ತೀರ್ಪಿಗೆ ಮುಟ್ಟಬೇಕಾದರೆ ಮೊದಲು ಅವನನ್ನೇ ಕೇಳಬೇಕು: "ಗದ್ದಲ ಕೇಳಿ ಆಮೇಲೆ ಹೋದೆ ಎಂದು ಪೊಲೀಸರ ಮುಂದೆ ಹೇಳಿದ್ದೀರಾ?" ಅವನು "ಇಲ್ರಿ, ಹಂಗ ಹೇಳಿಲ್ರಿ" ಎಂದರೆ, ಹೇಳಿಕೆಯ ಆ ಸಾಲನ್ನು ಅವನಿಗೆ ಓದಿ ತೋರಿಸಿ (ಸಾಕ್ಷ್ಯ ಅಧಿನಿಯಮದ ಕಲಂ 148) ಆ ಭಾಗವನ್ನು ಗುರುತು ಮಾಡಿಸಿಕೊಳ್ಳಬೇಕು. ಅಲ್ಲಿಗೆ ಅರ್ಧ ಕೆಲಸ. ತಿಂಗಳುಗಳ ನಂತರ ತನಿಖಾಧಿಕಾರಿ ಸಾಕ್ಷಿಕಟ್ಟೆಗೆ ಬಂದಾಗ, "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದು ನಿಜವೇ?" ಎಂದು ಕೇಳಿ ಹೌದೆನ್ನಿಸಬೇಕು. ಆಗ ಮಾತ್ರ ಅದು ಸಾಬೀತಾದ ವೈರುಧ್ಯ. ಕೋರ್ಟಿನಲ್ಲಿ ಹೊಸದಾಗಿ ಸೇರಿಸಿದ ಸಂಗತಿ ಪೊಲೀಸ್ ಹೇಳಿಕೆಯಲ್ಲಿ ಇರಲೇ ಇಲ್ಲವೆಂದರೆ, "ಈ ಮಾತು ನಿಮ್ಮ ಮುಂದೆ ಹೇಳಿದ್ದರೇ?" ಎಂದು ಕೇಳಿ ಇಲ್ಲವೆನ್ನಿಸಬೇಕು. ಎರಡನೇ ಹೆಜ್ಜೆ ಮರೆತರೆ ಮೊದಲನೆಯದು ನೀರಿನಲ್ಲಿ ಹೋಮ. ಜಿಲ್ಲಾ ಕೋರ್ಟುಗಳಲ್ಲಿ ಅತಿ ಹೆಚ್ಚು ಮರೆಯುವ ಹೆಜ್ಜೆಯೂ ಇದೇ, ಏಕೆಂದರೆ ತನಿಖಾಧಿಕಾರಿ ಬರುವ ಹೊತ್ತಿಗೆ ಕಡತ ಬೇರೆ ಕಿರಿಯರ ಕೈಗೆ ಹೋಗಿರುತ್ತದೆ.

ಇನ್ನೊಂದು ದೌರ್ಬಲ್ಯ, ಬರೀ ಸೂಚನೆಗಳ ಸರಮಾಲೆ. "ನೀವು ಸುಳ್ಳು ಹೇಳುತ್ತಿದ್ದೀರಿ ಎಂದರೆ?" "ಸುಳ್ಳಲ್ಲ." "ದ್ವೇಷದಿಂದ ಹೇಳುತ್ತಿದ್ದೀರಿ ಎಂದರೆ?" "ಸರಿಯಲ್ಲ." ಎರಡು ಪುಟ ತುಂಬುತ್ತದೆ, ಒಂದು ಸಂಗತಿಯೂ ಹೊರಬರುವುದಿಲ್ಲ. ಅಜಾಗರೂಕ ಸೂಚನೆ ತಿರುಗಿಯೂ ಬಡಿಯುತ್ತದೆ. "ಆರೋಪಿ ಅಲ್ಲಿದ್ದದ್ದು ಜಗಳ ಬಿಡಿಸಲು ಎಂದರೆ ಸರಿಯೇ?" ಎಂದು ಕೇಳಿದ ವಕೀಲರು ಆರೋಪಿ ಸ್ಥಳದಲ್ಲಿದ್ದ ಎಂದು ತಾವೇ ಒಪ್ಪಿದಂತಾಯಿತು. ಇಂಥ ಸೂಚನೆ ಆರೋಪಿಯನ್ನು ಕಟ್ಟಿಹಾಕಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬೇಕಾದ ಉತ್ತರ ಸಿಕ್ಕ ಮೇಲೆ ಖುಷಿಗೆ ಇನ್ನೊಂದು ಪ್ರಶ್ನೆ ಕೇಳಿ, "ಯಾಕಂದ್ರ..." ಎಂದು ಸಾಕ್ಷಿ ವಿವರಣೆ ಕೊಡಲು ಬಾಗಿಲು ತೆರೆಯುವುದು ಹೊಸಬರ ಹಳೇ ರೋಗ.

ಪಾಟೀ ಸವಾಲನ್ನು ಮುಂದೂಡಿಸಿಕೊಳ್ಳುವ ಚಾಳಿಯಿಂದಲೂ ಸತ್ಯಕ್ಕೆ ಪೆಟ್ಟು. ಮುಖ್ಯ ವಿಚಾರಣೆ (ಸಾಕ್ಷಿಯನ್ನು ಕರೆತಂದ ಪಕ್ಷವೇ ಮೊದಲು ಕೇಳುವ ಪ್ರಶ್ನೆಗಳು) ಮುಗಿದು 20 ತಿಂಗಳ ನಂತರ ಪಾಟೀ ಸವಾಲು ನಡೆದು ಸಾಕ್ಷಿ ತಿರುಗಿಬಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಕಟುವಾಗಿಯೇ ಟೀಕಿಸಿತು. ಸಾಕ್ಷಿಯನ್ನು ಒಲಿಸಿಕೊಳ್ಳಲು ಸಮಯ ಪಡೆಯುವುದಕ್ಕೂ ಪರೀಕ್ಷಿಸುವುದಕ್ಕೂ ಸಂಬಂಧವೇ ಇಲ್ಲ.

ಕೊನೆಗೆ ಆರೋಪಿಯ ಸರದಿ, ಕಲಂ 351 (ಹಳೆಯ 313). ತನ್ನ ವಿರುದ್ಧ ಬಂದ ಪ್ರತಿ ಸಂಗತಿಯನ್ನೂ ಬೇರೆಬೇರೆಯಾಗಿ ಅವನ ಮುಂದಿಟ್ಟು ಉತ್ತರ ಕೇಳಬೇಕು. ಮುಂದಿಡದ ಸಂಗತಿಯನ್ನು ಸಾಮಾನ್ಯವಾಗಿ ಅವನ ವಿರುದ್ಧ ಬಳಸುವಂತಿಲ್ಲ. ನೂರು ಪ್ರಶ್ನೆಗೂ "ಸುಳ್ಳು", "ಗೊತ್ತಿಲ್ಲ" ಎಂದು ಬರೆಸುವುದು ರೂಢಿ. ಅಂದು ಹುಮನಾಬಾದ್ ಸಂತೆಯಲ್ಲಿ ಎತ್ತು ಮಾರಲು ಹೋಗಿದ್ದೆ ಎಂದಿದ್ದರೆ ಅದನ್ನು ಹೇಳುವ ಜಾಗ ಇದೇ, ಲಿಖಿತ ಹೇಳಿಕೆ ಸಲ್ಲಿಸಲೂ ಅವಕಾಶವಿದೆ. ಸಂತೆಯ ಚೀಟಿ ಇದ್ದರೆ ಮೊದಲ ವಾರವೇ ವಕೀಲರ ಕೈಗೆ ಕೊಡಬೇಕು.

ವಕೀಲರು ಇದ್ದೂ ಇಲ್ಲದಂತಾದಾಗ

2013ರಲ್ಲಿ ಮಧ್ಯಪ್ರದೇಶದ ಖಂಡ್ವಾದಲ್ಲಿ ಮಗುವೊಂದರ ಅತ್ಯಾಚಾರ ಮತ್ತು ಕೊಲೆಯ ವಿಚಾರಣೆ ನಡೆಯಿತು. ಫೆಬ್ರವರಿ 19ರಂದು ಕಾನೂನು ನೆರವಿನ ವಕೀಲರ ನೇಮಕ, ಅದೇ ದಿನ ಆರೋಪ ನಿಗದಿ. ಮಾರ್ಚ್ 4ಕ್ಕೆ ತೀರ್ಪು, ಗಲ್ಲು. ಆಗ ಎಲ್ಲರೂ ತ್ವರಿತ ನ್ಯಾಯ ಎಂದುಕೊಂಡರೆ ಅಚ್ಚರಿಯಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದುಮಾಡಿ ಹೊಸದಾಗಿ ವಿಚಾರಣೆಗೆ ಕಳಿಸಿತು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಪ್ರಕರಣಗಳಿಗೆ ಕನಿಷ್ಠ 10 ವರ್ಷ ಅನುಭವದ ವಕೀಲರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು, ಆರೋಪಿಯನ್ನು ಭೇಟಿಯಾಗಲು ಬಿಡಬೇಕು ಎಂದೂ ಹೇಳಿತು. ಮರುವಿಚಾರಣೆಯಲ್ಲಿ, 2024ರಲ್ಲಿ, ಆ ವ್ಯಕ್ತಿ ಖುಲಾಸೆಯಾದ. ಹನ್ನೊಂದು ವರ್ಷ ಕಳೆದ ಮೇಲೆ ಆ ಮಗುವಿನ ಮನೆಯವರ ಕೈಯಲ್ಲಿ ಉಳಿದದ್ದೇನು?

2022ರ ನವೆಂಬರ್‌ನಲ್ಲಿ ಯುವತಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದಾಗ ದೇಶವೇ ಸಿಟ್ಟಾಯಿತು. ತೀರ್ಪು ಓದಿದವರಿಗೆ ಒಂದು ಸಾಲು ಸಿಗುತ್ತದೆ: 49 ಸಾಕ್ಷಿಗಳಲ್ಲಿ 10 ಮುಖ್ಯ ಸಾಕ್ಷಿಗಳಿಗೆ ಪಾಟೀ ಸವಾಲೇ ಆಗಿರಲಿಲ್ಲ. ವಿಚಾರಣಾ ಕೋರ್ಟಿನಲ್ಲೇ ಸರಿಯಾದ ಪ್ರಶ್ನೆ ಬಿದ್ದಿದ್ದರೆ ಪುರಾವೆಯ ಬಿರುಕು ಅಂದೇ ಕಾಣುತ್ತಿತ್ತು, ತುಂಬಿಸಲು ಸಾಧ್ಯವಿದ್ದುದನ್ನು ಅಂದೇ ತುಂಬಿಸಬಹುದಿತ್ತು.

ಕೆಲವೊಮ್ಮೆ ವಿಚಾರಣೆ ತನಕ ಹೋಗಬೇಕಿಲ್ಲ. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ನಾಟಕದ ಮೇಲೆ ದಾಖಲಾದ ರಾಜದ್ರೋಹ ಪ್ರಕರಣವನ್ನು ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ರದ್ದುಮಾಡಿತು. ಆರೋಪಿಸಿದ ಅಪರಾಧಕ್ಕೆ ಬೇಕಾದ ಅಂಶಗಳೇ ಎಫ್‌ಐಆರ್‌ನಲ್ಲಿ ಇವೆಯೇ ಎಂದು ಮೊದಲು ನೋಡುವುದು ಸಾಮಾನ್ಯ ಜಗಳದ ಪ್ರಕರಣಕ್ಕೂ ಅನ್ವಯಿಸುತ್ತದೆ.

ದುಡ್ಡಿಲ್ಲದವರಿಗೆ ದಾರಿ ಇದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವ ಯಾರೇ ಆಗಲಿ ಆದಾಯ ನೋಡದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯ ಮಿತಿ ಇದೆ. ಜಿಲ್ಲಾ ಕೋರ್ಟ್ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ, ಫೋನಿನಲ್ಲಿ 15100. 2022ರಿಂದ ಕೇಂದ್ರ ಪ್ರಾಧಿಕಾರ ಜಾರಿಗೆ ತಂದ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯಲ್ಲಿ ಪೂರ್ಣಾವಧಿ ವಕೀಲರ ತಂಡವೇ ಇರುತ್ತದೆ, ಮುಖ್ಯಸ್ಥರಿಗೆ ಕನಿಷ್ಠ 10 ವರ್ಷದ ಕ್ರಿಮಿನಲ್ ಅನುಭವ ಇರಬೇಕು. ಇವರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ ಎಂದು ಹೊಲ ಮಾರಿ ಖಾಸಗಿಯವರನ್ನು ಹಿಡಿಯುವವರಿದ್ದಾರೆ. ಕಡತ ಓದದ ವಕೀಲರು ಎರಡೂ ಕಡೆ ಸಿಗುತ್ತಾರೆ. ಗುರುತಿಸುವ ಬಗೆ ಸುಲಭ: ಸಮಯದ ಪಟ್ಟಿ ಬರೆದುಕೊಂಡಿದ್ದಾರೆಯೇ, ಘಟನಾ ಸ್ಥಳ ನೋಡಿದ್ದಾರೆಯೇ, ಜೈಲಿನಲ್ಲಿ ಆರೋಪಿಯ ಜೊತೆ ಕೂತು ಮಾತಾಡಿದ್ದಾರೆಯೇ ಎಂದು ಕೇಳಿ.

ಶಿಕ್ಷೆಯಾದರೆ ತೀರ್ಪಿನ ಪ್ರತಿ ಆರೋಪಿಗೆ ಉಚಿತವಾಗಿ ಸಿಗುತ್ತದೆ. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನ, ಗಲ್ಲು ಶಿಕ್ಷೆಯಾದರೆ 30 ದಿನ. ಜೈಲಿನಲ್ಲಿರುವವರು ಜೈಲು ಅಧಿಕಾರಿಯ ಮೂಲಕವೇ ಅರ್ಜಿ ಕಳಿಸಬಹುದು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಕಲಬುರಗಿ ಪೀಠದಿಂದ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಯವರಿಗೆ ಬೆಂಗಳೂರಿನ ತಿರುಗಾಟ ತಪ್ಪಿದೆ. ಆದರೆ ಅಲ್ಲಿ ಓದುವುದು ಕೆಳ ಕೋರ್ಟಿನಲ್ಲಿ ಬರೆಯಲಾದ ಸಾಕ್ಷ್ಯವನ್ನು. ಎಂಎಲ್‌ಸಿ ವಹಿಯ ಬಗ್ಗೆ ವೈದ್ಯರನ್ನು ಕೇಳದೆ ಬಿಟ್ಟಿದ್ದರೆ ಅಲ್ಲಿ ಹೊಸದಾಗಿ ಕೇಳಲು ವೈದ್ಯರು ಇರುವುದಿಲ್ಲ. ಕೇಳದೆ ಬಿಟ್ಟದ್ದು ವಿಚಾರಣೆ ನಡೆಯುತ್ತಿರುವಾಗಲೇ ಗೊತ್ತಾದರೆ, ಸಾಕ್ಷಿಯನ್ನು ಮತ್ತೆ ಕರೆಸಲು ಕಲಂ 348ರಡಿ ಅರ್ಜಿ ಹಾಕಬೇಕು. ಯಾವ ಪ್ರಶ್ನೆ, ಯಾಕೆ ಬೇಕು, ಮೊದಲೇ ಯಾಕೆ ಕೇಳಲಿಲ್ಲ ಎಂಬ ಮೂರನ್ನೂ ಅದರಲ್ಲಿ ಬಿಡಿಸಿ ಬರೆಯಬೇಕು. "ನ್ಯಾಯದ ಹಿತದೃಷ್ಟಿಯಿಂದ" ಎಂದಷ್ಟೇ ಬರೆದ ಅರ್ಜಿಗಳು ವಜಾ ಆಗುತ್ತವೆ.